ಸಹಾಯ ಬೇಕು: ಅಪ್ಪನ ಮಂಡಿ ನೋವಿಗೆ ಗ್ಲೂಕೋಸಮೈನ್ ಕೊಡಬಹುದಾ?

ನಮಸ್ಕಾರ, ನಾವು ತೀರ್ಥಹಳ್ಳಿ ಕಡೆಯವರು. ಅಪ್ಪನಿಗೆ 61 ವರ್ಷ, ದಿನಾ ಅಡಿಕೆ ತೋಟಕ್ಕೆ ಹತ್ತಿ ಇಳಿಯುವವರು, ಹೋದ ತಿಂಗಳು ಕೊಡಚಾದ್ರಿಗೆ ಹೋಗಿ ಬಂದ ಮೇಲೆ ಬಲಗಾಲಿನ ಮಂಡಿ ನೋವು ಹೋಗುತ್ತಲೇ ಇಲ್ಲ, ಇಳಿಜಾರಿನಲ್ಲಂತೂ ಜಾಸ್ತಿ. ಎಕ್ಸ್‌ರೇ ನೋಡಿ ಸವೆತ ಶುರುವಾಗಿದೆ ಅಂದರು. ನೆಂಟರೊಬ್ಬರು ಗ್ಲೂಕೋಸಮೈನ್, ಕಾಂಡ್ರಾಯ್ಟಿನ್ (ಕೀಲು ಸವೆತಕ್ಕೆಂದು ಮಾರುವ ಪೂರಕಗಳು) ಇರುವ ಮಾತ್ರೆ ತಂದುಕೊಟ್ಟಿದ್ದಾರೆ. ಆದರೆ 2006ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ ಇವುಗಳಿಂದ ಒಟ್ಟಾರೆ ಔಷಧಿಯೇ ಇಲ್ಲದ ಮಾತ್ರೆಗಿಂತ ಹೆಚ್ಚಿನ ಗುಣ ಕಾಣಲಿಲ್ಲ. ನನಗೆ ನಿಜವಾದ ಭಯ ಬೇರೆ. ಅಪ್ಪ ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ತೆಗೆದುಕೊಳ್ಳುತ್ತಾರೆ, ಜೊತೆಗೆ ಗ್ಲೂಕೋಸಮೈನ್ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚಬಹುದು, ಅದಕ್ಕೇ ಡಾಕ್ಟರನ್ನು ಕೇಳುವವರೆಗೆ ಡಬ್ಬಿ ಎತ್ತಿಟ್ಟಿದ್ದೇನೆ. ಸುಮ್ನೆ ಕೂರುವ ಜೀವ ಅಲ್ಲ ಅವರದು. ತೊಡೆಗೆ ಬಲ ಬರುವ ವ್ಯಾಯಾಮದಿಂದ ನಿಮ್ಮ ಮನೆಯಲ್ಲಿ ಯಾರಿಗಾದರೂ ನೋವು ಕಡಿಮೆಯಾಗಿದೆಯಾ? ಶಿವಮೊಗ್ಗದಲ್ಲಿ ಒಳ್ಳೆಯ ಫಿಸಿಯೋಥೆರಪಿಸ್ಟ್ ಗೊತ್ತಿದ್ದರೆ ದಯವಿಟ್ಟು ತಿಳಿಸಿ.