ಬಯಾಪ್ಸಿ ಮಾಡಿಸಿದರೆ ಕ್ಯಾನ್ಸರ್ ಹರಡುತ್ತದೆಯೇ?

ಪ್ರಶ್ನೆ: ಅಕ್ಕನ ಸ್ತನದಲ್ಲಿ ನೋವಿಲ್ಲದ ಗಂಟೊಂದು ಕಂಡಿದ್ದು, ಮ್ಯಾಮೊಗ್ರಾಂ (ಸ್ತನದ ಎಕ್ಸ್-ರೇ) ವರದಿಯಲ್ಲಿ ಬೈರಾಡ್ಸ್ (ಕ್ಯಾನ್ಸರ್ ಅನುಮಾನ ಎಷ್ಟೆಂದು ತಿಳಿಸುವ ಶ್ರೇಣಿ) 4 ಎಂದಿರುವುದರಿಂದ ವೈದ್ಯರು ಬಯಾಪ್ಸಿಗೆ, ಅಂದರೆ ಗಂಟಿನ ಚೂರನ್ನು ಸೂಜಿಯಿಂದ ತೆಗೆದು ಪರೀಕ್ಷಿಸಲು, ಸೂಚಿಸಿದ್ದಾರೆ. ಸೂಜಿ ತಾಗಿದರೆ ಕ್ಯಾನ್ಸರ್ ಹರಡುತ್ತದೆಂದು ಮನೆಯ ಹಿರಿಯರು ಪಟ್ಟು ಹಿಡಿದಿದ್ದಾರೆ. ಏನು ಮಾಡಲಿ?

ಉತ್ತರ 1: ದಯವಿಟ್ಟು ತಡಮಾಡಬೇಡಿ, ಆ ಭಯಕ್ಕೆ ಆಧಾರವಿಲ್ಲ. 4 ಎಂದರೆ ಅನುಮಾನವಿದೆ ಎಂದಷ್ಟೇ. ಅಂಥ ಗಂಟುಗಳಲ್ಲಿ ಹಲವು ಫೈಬ್ರೊಅಡಿನೋಮಾ ಎಂಬ, ಕ್ಯಾನ್ಸರ್ ಅಲ್ಲದ ನಿರಪಾಯಕಾರಿ ಗಂಟುಗಳಾಗಿರುತ್ತವೆ. ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಾ ಗಂಟಿನಿಂದ ಅಂಗಾಂಶದ ತೆಳ್ಳನೆಯ ಎಳೆಗಳನ್ನು ತೆಗೆಯುವಾಗ ಸಾಧನ ‘ಟಕ್’ ಎನ್ನುತ್ತದೆ. ಬೆಚ್ಚದಂತೆ ಅಕ್ಕನಿಗೆ ಮೊದಲೇ ಹೇಳಿಡಿ.

ಉತ್ತರ 2: ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತಿದ್ದರೆ ವೈದ್ಯರಿಗೆ ತಪ್ಪದೆ ತಿಳಿಸಿ.

ಉತ್ತರ 3: ಸ್ತನವನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆದ ಮೇಲೆ ನನ್ನನ್ನು ಹೆಚ್ಚು ಕಾಡಿದ್ದು ಗಾಯವಲ್ಲ, ಬಿಗಿದುಕೊಂಡ ತೋಳು. ಫಿಸಿಯೋಥೆರಪಿಸ್ಟ್ ಕಲಿಸಿದಂತೆ ಗೋಡೆಯ ಮೇಲೆ ಬೆರಳುಗಳನ್ನು ಮೇಲಕ್ಕೆ ನಡೆಸುವ ವ್ಯಾಯಾಮವನ್ನು ಬಿಡದೆ ಮಾಡಿದ್ದರಿಂದ, ಈಗ ನಾನೇ ಜಡೆ ಹೆಣೆದುಕೊಳ್ಳುತ್ತೇನೆ. ನಿಮ್ಮ ಅಕ್ಕನಿಗೆ ಶಸ್ತ್ರಚಿಕಿತ್ಸೆಯೇ ಬೇಕಾಗದಿರಲಿ.