ಮಿಷಿಗನ್‌ನಿಂದ ಒಂಟಾರಿಯೊಗೆ ಬೇಟೆ ರೈಫಲ್: 5589, 4457 ಫಾರ್ಮ್‌ಗಳಲ್ಲಿ ಯಾವುದು ಎಲ್ಲಿ?

ಪ್ರಶ್ನೆ: ನಮಸ್ಕಾರ. ಊರು ಕೊಡಗು, ಈಗ ಮಿಷಿಗನ್, ಗ್ರೀನ್ ಕಾರ್ಡ್ ಇದೆ. ಬ್ಲೂ ವಾಟರ್ ಬ್ರಿಡ್ಜ್ ದಾಟಿ ಒಂಟಾರಿಯೊಗೆ ಬೇಟೆಗೆ ಹೋಗಬೇಕು. ಬೋಲ್ಟ್ ಆಕ್ಷನ್ ರೈಫಲ್ ಒಂದು, ಕರಡಿ ಭಯಕ್ಕೆ ಪಿಸ್ತೂಲ್ ಒಂದು. ಹೊರದೇಶದವರು ಬಂದೂಕು ಘೋಷಿಸುವ ಕೆನಡಾದ 5589 ಫಾರ್ಮ್ (ಹಿಂದೆ 909) ತುಂಬಿಸಿದ್ದೇನೆ, ಸಹಿ ಹಾಕಿಲ್ಲ. ಹೊರಗೆ ಒಯ್ಯುವ ಸ್ವಂತ ವಸ್ತುಗಳನ್ನು ನೋಂದಾಯಿಸುವ ಅಮೆರಿಕ ಕಸ್ಟಮ್ಸ್‌ನ 4457 ಫಾರ್ಮ್ ವಾಪಸ್ ಬರುವಾಗ ಮಾಡಿಸಿದರೆ ಸಾಕಲ್ವಾ?

ಉತ್ತರ 1: ಮೊದಲು ಪಿಸ್ತೂಲ್ ಮನೆಯಲ್ಲಿಡಿ. 2022ರಿಂದ ಕೆನಡಾದಲ್ಲಿ ಅದಕ್ಕೆ ಬಿಗಿ ನಿಷೇಧ, ಕರಡಿ ಅಂದರೆ ಯಾರೂ ಕೇಳಲ್ಲ. ಬೇರ್ ಸ್ಪ್ರೇ ಒಯ್ಯಿರಿ, ಡಬ್ಬಿ ಮೇಲೆ ಪ್ರಾಣಿಗಳಿಗೆ ಅಂತ ಬರೆದಿರಬೇಕು. ಮನುಷ್ಯರ ಮೇಲೆ ಹೊಡೆಯುವ ಪೆಪ್ಪರ್ ಸ್ಪ್ರೇ ಅಲ್ಲಿ ನಿಷಿದ್ಧ.

5589ಕ್ಕೆ ಸಹಿ ಹಾಕದೆ ಬಿಟ್ಟಿದ್ದು ಒಳ್ಳೆಯದಾಯಿತು. ಕೆನಡಾ ಕಸ್ಟಮ್ಸ್ ಅಧಿಕಾರಿಯ ಎದುರೇ ಹಾಕಬೇಕು. ಫೀ 25 ಕೆನಡಿಯನ್ ಡಾಲರ್, 60 ದಿನ ನಡೆಯುತ್ತದೆ.

ಉತ್ತರ 2: 4457 ಬರುವಾಗ ಆಗಲ್ಲ. ಬಂದೂಕು ಹೋಗುವ ಮುಂಚೆಯೇ ಅಮೆರಿಕದಲ್ಲಿತ್ತು ಅನ್ನೋದಕ್ಕೆ ಅದೇ ಸಾಕ್ಷಿ. ಸೇತುವೆ ಹತ್ತುವ ಮುಂಚೆ ಅಮೆರಿಕದ ಕಸ್ಟಮ್ಸ್ ಕಚೇರಿಗೆ ಹೋಗಿ. ರೈಫಲ್ ಕಾರಿನಲ್ಲೇ ಇರಲಿ, ಗುಂಡು ತೆಗೆದು ಕೇಸಿನಲ್ಲಿ. ಒಳಗೆ ಹೇಳಿದ ಮೇಲೆ ಅವರೇ ಬಂದು ಸೀರಿಯಲ್ ನಂಬರ್ ನೋಡಿ ಸಹಿ ಹಾಕುತ್ತಾರೆ. ದುಬಾರಿ ಸ್ಕೋಪ್ ಇದ್ದರೆ ಅದರ ನಂಬರನ್ನೂ ಅದರಲ್ಲೇ ಬರೆಸಿ. ಆ ಕಾಗದ ಮುಂದಿನ ಸಲಕ್ಕೂ ಆಗುತ್ತದೆ, ಬಿಸಾಡಬೇಡಿ.

ಊರಲ್ಲಿ ಕೋವಿಗೆ ಲೈಸೆನ್ಸ್ ವಿನಾಯಿತಿ ಇದ್ದು ಅಭ್ಯಾಸ ನಿಮಗೆ, ಇಲ್ಲಿ ಆ ಆಟ ನಡೆಯಲ್ಲ 🙂

ಪ್ರಶ್ನೆ: ಜೊತೆಗೆ ಬರುವ ಗೆಳೆಯ ಎಚ್-1ಬಿ ಕೆಲಸದ ವೀಸಾದಲ್ಲಿದ್ದಾನೆ. ಅವನದೂ ಒಂದು ಗನ್ ಇದೆ. ಗುಂಡು ಎಷ್ಟು ಒಯ್ಯಬಹುದು?

ಉತ್ತರ 2: ಅವರದು ಬೇರೆ ಕಥೆ. ಎಚ್-1ಬಿಯವರು ಅಮೆರಿಕದಲ್ಲಿ ಗನ್ ಇಟ್ಟುಕೊಳ್ಳುವುದಕ್ಕೇ ಯಾವುದಾದರೂ ರಾಜ್ಯದ ಚಾಲ್ತಿ ಬೇಟೆ ಲೈಸೆನ್ಸ್‌ನಂಥ ವಿನಾಯಿತಿ ಬೇಕು. ವಾಪಸ್ ತರಲು ಎಟಿಎಫ್‌ನ (ಬಂದೂಕು ನೋಡಿಕೊಳ್ಳುವ ಅಮೆರಿಕದ ಇಲಾಖೆ) 6ಎನ್‌ಐಎ ಆಮದು ಪರವಾನಗಿ ಫಾರ್ಮ್ ಮೊದಲೇ ಮಂಜೂರಾಗಿರಬೇಕು. ಅದಿಲ್ಲದಿದ್ದರೆ ಅವರು ಬರಿಗೈಲಿ ಬರಲಿ. ಅವರ ಗನ್ನನ್ನು ನಿಮ್ಮ ಹೆಸರಲ್ಲಿ ತೋರಿಸಲು ಮಾತ್ರ ಹೋಗಬೇಡಿ.

ಬೇಟೆಗೆ 200 ಗುಂಡಿನ ತನಕ ಕೆನಡಾದಲ್ಲಿ ಸುಂಕ ಇಲ್ಲ. ದಾರಿಯಲ್ಲಿ ಊಟಕ್ಕೆ ನಿಲ್ಲಿಸಿದರೆ ರೈಫಲ್ ಡಿಕ್ಕಿಯಲ್ಲಿಟ್ಟು ಬೀಗ ಹಾಕಿ, ಹಿಂದಿನ ಸೀಟಿನಲ್ಲಿ ಬಿಡಬೇಡಿ.