ಪದಚರ್ಚೆ: ‘ವೆಕ್ಟರ್’, ‘ಫಿಕ್ಸ್‌ಡ್ ಲೇಔಟ್’ ಇವಕ್ಕೆ ಏನೆನ್ನೋಣ?

> ನಾಳೆ ಸಂಜೆಯೊಳಗೆ ಬೇಕು. ಪಿಡಿಎಫ್ ಕಡತವನ್ನು ಎಸ್‌ವಿಜಿ ಎಂಬ ವೆಕ್ಟರ್ ಚಿತ್ರರೂಪಕ್ಕೆ ಬದಲಿಸುವ ಮುಕ್ತ ತಂತ್ರಾಂಶದ ಲೈಬ್ರರಿಯೊಂದರ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ವೆಕ್ಟರ್’ಗೆ ಸದಿಶ, ‘ಫಿಕ್ಸ್‌ಡ್ ಲೇಔಟ್’ಗೆ ಸ್ಥಿರವಿನ್ಯಾಸ, ‘ಲೈಬ್ರರಿ’ಗೆ ಗ್ರಂಥಾಲಯ ಎಂದು ಹಾಕಿದ್ದೆ. ಓದಿದ ಇಬ್ಬರಿಗೂ ತಲೆಬುಡ ತಿಳಿಯಲಿಲ್ಲ. (ಸಾಗರದಿಂದ)

ಸಾಗರದ ತಂಗಿಗೆ ನಮಸ್ಕಾರ.

ಸದಿಶ ಬೇಡ. ಅದು ಪಿಯುಸಿ ಭೌತಶಾಸ್ತ್ರದ ಪದ, ದಿಕ್ಕುಳ್ಳದ್ದು ಎಂದರ್ಥ. ಬಲಕ್ಕೆ, ವೇಗಕ್ಕೆ ಸರಿ. ಪರದೆಯ ಮೇಲಿನ ಅಡಿಕೆ ಮರದ ಚಿತ್ರವನ್ನು ಸದಿಶ ಎಂದರೆ ಯಾರಿಗೆ ಏನು ಹೊಳೆದೀತು?

ನಿನ್ನೆ ಒಬ್ಬರು ‘ವಾಹಕಚಿತ್ರ’ ಎಂದು ಬರೆದು ಧಾತುವಿನ ಲೆಕ್ಕ ಕೊಟ್ಟಿದ್ದಾರೆ. ಲೆಕ್ಕ ಸರಿಯಾಗಿಯೇ ಇದೆ: ಲ್ಯಾಟಿನ್ನಿನಲ್ಲಿ ವೆಕ್ಟರ್ ಎಂದರೆ ಹೊರುವವನು, ಅಲ್ಲಿನ ‘ವೆಹೆರೆ’ಯೂ ಸಂಸ್ಕೃತದ ‘ವಹ್’ ಧಾತುವೂ ಒಂದೇ ಬೇರಿನವು. ಆದರೆ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾದ ಈ ಸೀಮೆಯಲ್ಲಿ ರೋಗವಾಹಕ ಎಂದರೆ ಉಣುಗು. ಕರೆಂಟಿನ ತಂತಿಯೂ ವಾಹಕವೇ. ಇನ್ನೊಂದು ಹೊರೆಯನ್ನು ಆ ಪದ ತಾಳುವುದಿಲ್ಲ.

ಹೆಸರಿಡುವ ಮೊದಲು ವಸ್ತು ಏನು ಮಾಡುತ್ತದೆಂದು ನೋಡಬೇಕು. ಫೋಟೊ ಎಂದರೆ ಸಣ್ಣ ಸಣ್ಣ ಬಣ್ಣದ ಚೌಕಗಳ ಸಾಲು. ಹಿಗ್ಗಿಸಿದರೆ ಚೌಕಗಳೇ ಹಿಗ್ಗಿ ಕಣ್ಣಿಗೆ ಹೊಡೆಯುತ್ತವೆ. ಎಸ್‌ವಿಜಿಯಲ್ಲಿರುವುದು ಇಲ್ಲಿಂದ ಅಲ್ಲಿಗೆ ಎಳೆ, ಇಷ್ಟು ಬಾಗಿಸು ಎಂಬ ಬರಹ. ಅಳತೆ ಬದಲಾದಾಗಲೆಲ್ಲ ಚಿತ್ರವನ್ನು ಹೊಸದಾಗಿ ಎಳೆಯಲಾಗುತ್ತದೆ, ಅಂಚು ಒಡೆಯುವುದಿಲ್ಲ. ನಿಮ್ಮ ಕಡೆಯ ದೀವರ ಮನೆಗಳ ಹಸೆ ಚಿತ್ತಾರ ನೋಡಿಯೇ ಇರುತ್ತೀರಿ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿಹಿಟ್ಟಿನಲ್ಲಿ ಅದ್ದಿದ ಪುಂಡಿನಾರಿನ ಕುಂಚ, ಒಂದರ ಪಕ್ಕ ಒಂದು ಕೂರುವ ಎಳೆಗಳು. ಅಂಗಳದಲ್ಲಿಯೂ ಚುಕ್ಕಿ, ಎಳೆ ಎಂದೇ ಅಲ್ಲವೇ ಹೇಳುವುದು? ಹಾಗಾಗಿ ವೆಕ್ಟರ್ ಚಿತ್ರಕ್ಕೆ ಎಳೆಚಿತ್ರ, ಅದರ ಎದುರಾಳಿ, ಫೋಟೊದಂಥ ರಾಸ್ಟರ್‌ಗೆ ಚುಕ್ಕಿಚಿತ್ರ. ಹೆಸರಾಗಿಯೂ ಕ್ರಿಯೆಯಾಗಿಯೂ ‘ಎಳೆ’ ಇಲ್ಲಿ ದುಡಿಯುತ್ತದೆ. ಒಳಗೆ ಬಣ್ಣ ತುಂಬಿದ್ದರೆ ಎಳೆಚಿತ್ರ ಹೇಗಾದೀತು ಎಂದು ಕೇಳುವವರಿದ್ದಾರೆ. ಬಣ್ಣ ತುಂಬಲು ಮೊದಲು ಸುತ್ತ ಎಳೆಯಲೇಬೇಕು. ರೇಖಾಚಿತ್ರ ಎಂಬ ಪದ ಪತ್ರಿಕೆಯ ಕತೆಗಳಿಗೆ ಬರೆಯುವ ಚಿತ್ರಕ್ಕೆ ಸಂದುಹೋಗಿದೆ, ಅದನ್ನು ಮುಟ್ಟಬೇಡಿ.

ಇನ್ನು ಫಿಕ್ಸ್‌ಡ್ ಲೇಔಟ್. ನಾನು ಶಿವಮೊಗ್ಗದ ಒಂದು ಸಣ್ಣ ಪ್ರೆಸ್ಸಿನಲ್ಲಿ ಮೊಳೆ, ಅಂದರೆ ಸೀಸದ ಅಚ್ಚಕ್ಷರ, ಜೋಡಿಸಿ ಬದುಕಿದವನು. ಸಾಲುಗಳ ನಡುವೆ ಸೀಸದ ಪಟ್ಟಿ ಇಟ್ಟು, ಸುತ್ತ ದಾರ ಬಿಗಿದರೆ ‘ಪುಟ ಕಟ್ಟಿ ಆಯ್ತು’ ಎನ್ನುತ್ತಿದ್ದೆವು. ಆಮೇಲೆ ಒಂದು ಒತ್ತಕ್ಷರ ಬದಲಿಸಬೇಕೆಂದರೂ ದಾರ ಬಿಚ್ಚಬೇಕು. 1993ರಲ್ಲಿ ಅಡೋಬಿ ಹೊರತಂದು, 2008ರಲ್ಲಿ ಐಎಸ್‌ಒ 32000 ಎಂಬ ಅಂತರರಾಷ್ಟ್ರೀಯ ಮಾನಕವಾದ ಪಿಡಿಎಫ್ ಇದೇ ಕೆಲಸ ಮಾಡುತ್ತದೆ: ಯಾವ ಯಂತ್ರದಲ್ಲಿ ತೆರೆದರೂ ಅಕ್ಷರ ಕೂತಲ್ಲೇ ಕೂತಿರಬೇಕು. ಕಟ್ಟುಪುಟ ಎನ್ನಿ. ‘ಅಚ್ಚುಕಟ್ಟು’ ಎಂದು ಸೂಚಿಸಿದವರು ಕೇಳಿ, ನಮ್ಮೂರಿನಲ್ಲಿ ಅಚ್ಚುಕಟ್ಟು ಎಂದರೆ ಭದ್ರಾ ನಾಲೆಯ ನೀರುಣ್ಣುವ ಗದ್ದೆ. ಅದು ಆಗದು.

ನೀವು ಕೇಳದಿದ್ದರೂ ಒಂದು ಮಾತು ಹೇಳಲೇಬೇಕು. ಆ ಕೈಪಿಡಿಯಲ್ಲಿ ‘ಗ್ಲಿಫ್’, ಅಂದರೆ ಅಕ್ಷರ ಪುಟದ ಮೇಲೆ ತಳೆಯುವ ಆಕಾರ, ಬಂದೇ ಬರುತ್ತದೆ, ದಯವಿಟ್ಟು ಅದಕ್ಕೂ ಅಕ್ಷರ ಎಂದು ಹಾಕಬೇಡಿ. ‘ತೀರ್ಥಹಳ್ಳಿ’ಯನ್ನೇ ತೆಗೆದುಕೊಳ್ಳಿ. ಕಂಪ್ಯೂಟರು ಅಕ್ಷರಗಳನ್ನು ಗುರುತಿಡುವ ಸಂಕೇತಪದ್ಧತಿಯಾದ ಯುನಿಕೋಡಿನಲ್ಲಿ ರಕಾರ ಮೊದಲು, ಥಕಾರ ಆಮೇಲೆ. ಪುಟದ ಮೇಲೆ ಥ ಮೊದಲು, ಅರ್ಕಾವೊತ್ತು ಅದರ ಬಲಕ್ಕೆ. ನಾವು ಸೀಸದಲ್ಲಿ ಜೋಡಿಸುತ್ತಿದ್ದದ್ದೂ ಹೀಗೆಯೇ, ಅರ್ಕಾವೊತ್ತಿಗೆ ಬೇರೆಯದೇ ಮೊಳೆ. ಪಿಡಿಎಫ್ ಪುಟ ಹಿಡಿದಿಡುವುದು ಮೊಳೆಯ, ಅಂದರೆ ಗ್ಲಿಫಿನ, ಸಂಖ್ಯೆ ಮತ್ತು ಅದರ ಜಾಗ. ಯಾವ ಮೊಳೆ ಯಾವ ಅಕ್ಷರ ಎಂಬ ಪಟ್ಟಿ ಒಳಗಿಲ್ಲದಿದ್ದರೆ ಪಠ್ಯ ಎತ್ತಿದಾಗ ಬರುವುದು ಕಲಸುಮೇಲೋಗರ. ಪಾಪ್ಲರ್ ಎಂಬ ಮುಕ್ತ ತಂತ್ರಾಂಶದ ಜೊತೆ ಬರುವ ಪಿಡಿಎಫ್‌ಟುಕೈರೋ ಎಂಬ ಆದೇಶದಿಂದ ಎಸ್‌ವಿಜಿ ಮಾಡಿ ನೋಡಿ. ಊರಿನ ಹೆಸರು ಕಣ್ಣಿಗೆ ಚೆಂದವಾಗಿ ಕಾಣುತ್ತದೆ, ಹುಡುಕಿದರೆ ಸಿಗುವುದಿಲ್ಲ. ಅಕ್ಷರ ಹೋಗಿದೆ, ಮೊಳೆಯ ಎಳೆ ಉಳಿದಿದೆ. ಕನ್ನಡದ ಕಡತ ಬದಲಿಸುವವರು ಮೊದಲು ಎಡವುವುದೇ ಇಲ್ಲಿ, ಅದಕ್ಕೇ ಎರಡು ಪದ ಬೇಕು: ಅಕ್ಷರ, ಮೊಳೆ.

ಲೈಬ್ರರಿ, ಅಂದರೆ ಬೇರೆ ತಂತ್ರಾಂಶಗಳು ಬಳಸಿಕೊಳ್ಳುವ ಸಿದ್ಧ ಕೋಡಿನ ಕಟ್ಟು, ಹಾಗೆಯೇ ಇರಲಿ. ಗ್ರಂಥಾಲಯ, ಹೊತ್ತಗೆಮನೆ ಎರಡರಲ್ಲೂ ಪುಸ್ತಕಗಳಿವೆ, ಇಲ್ಲಿ ಒಂದೂ ಇಲ್ಲ. ಬೇರೆ ನುಡಿಯ ಪದವನ್ನು ಒಳಗೆ ಬಿಡಬಾರದು ಎಂದು ಪಟ್ಟು ಹಿಡಿದಿರುವವರನ್ನು ಒಂದೇ ಕೇಳುತ್ತೇನೆ: ‘ಕಾಗದ’, ‘ದಸ್ತಾವೇಜು’ ಯಾವ ದಾರಿಯಿಂದ ಬಂದವು? ಪರ್ಷಿಯನ್ನಿಗೆ ತೆರೆದ ಬಾಗಿಲನ್ನು ಇಂಗ್ಲಿಷಿಗೆ ಮುಚ್ಚಲು ಕಾರಣ ಕೊಡಿ. ಫೈಲಿಗೆ ಕಡತ ಎಂದಾಗ ಯಾರೂ ತಕರಾರು ತೆಗೆಯಲಿಲ್ಲ, ಏಕೆಂದರೆ ಆ ವಸ್ತು ನಮ್ಮಲ್ಲಿಯೇ ಇತ್ತು. ಹುಣಸೆಬೀಜದ ಸರಿಯಲ್ಲಿ ಇದ್ದಿಲಪುಡಿ ಕಲಸಿ ಬಳಿದು, ಮಡಿಕೆ ಮಡಿಕೆಯಾಗಿ ಮಡಿಸಿದ ಬಟ್ಟೆ. ಅದರ ಮೇಲೆ ಬಳಪದ ಬರಹ. ಶೃಂಗೇರಿ ಮಠದ ಕಡತಗಳನ್ನು ಇತಿಹಾಸ ಓದಿದವರು ಬಲ್ಲರು. ನಮ್ಮಲ್ಲಿ ವಸ್ತು ಇದ್ದರೆ ಹೆಸರೂ ಇದ್ದೀತು, ಹುಡುಕೋಣ. ಇಲ್ಲದ್ದಕ್ಕೆ ಬಂದ ಹೆಸರಿನಿಂದಲೇ ಕರೆಯೋಣ.

ಎಳೆಚಿತ್ರ ಮೊದಲು ಬರುವಲ್ಲಿ ‘ಅಂದರೆ ವೆಕ್ಟರ್’ ಎಂದು ಸೇರಿಸಿ, ಮುಂದೆ ಬೇಕಿಲ್ಲ. ಕಂಪ್ಯೂಟರಿಗೆ ಕೊಡುವ ಆದೇಶಗಳ ಹೆಸರು ಮುಟ್ಟಬೇಡಿ. ಮೊಳೆಯ ವಿಷಯ ಬರುವ ಪುಟಗಳನ್ನು ನನಗೆ ಕಳಿಸಿದರೆ ಇವತ್ತು ರಾತ್ರಿಯೇ ಕೂತು ಒತ್ತಕ್ಷರದ ಉದಾಹರಣೆಗಳನ್ನು ತಿದ್ದಿಕೊಡುತ್ತೇನೆ.